ಒತ್ತು, ಹಿಡಿ, ಬಿಡು

ಮೊದಲು ಕ್ಷಮೆ ಕೇಳುತ್ತೇನೆ. ರಾಜ್ಯೋತ್ಸವ ಸಂಚಿಕೆ ಈ ಸಲ ಎರಡು ವಾರ ತಡವಾಗಿ ನಿಮ್ಮ ಕೈ ಸೇರುತ್ತಿದೆ. ಅವ್ವನ ಕಣ್ಣಿನ ಆಪರೇಷನ್‌ಗೆಂದು ಅಕ್ಟೋಬರ್ ಪೂರ್ತಿ ಬೆಳಗಾವಿಯಲ್ಲಿದ್ದೆ. ವಾಪಸ್ ಬಂದು ಸಂಪಾದಕೀಯ ಬರೆಯಲು ಕೂತರೆ ಅಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಶನಿವಾರವೇ ತಲೆಯಲ್ಲಿ ಸುತ್ತುತ್ತಿತ್ತು, ಬೇರೇನೂ ಬರೆಯಲಾಗಲಿಲ್ಲ. ಹಾಗಾಗಿ ಅದನ್ನೇ ಬರೆದುಬಿಡುತ್ತೇನೆ. ಅಧ್ಯಕ್ಷರ ವರದಿ, ಲೆಕ್ಕಪತ್ರ, ಮಕ್ಕಳ ಕನ್ನಡ ಶಾಲೆಯ ವೇಳಾಪಟ್ಟಿ ಎಲ್ಲ ಮುಂದಿನ ಪುಟಗಳಲ್ಲಿವೆ.

ಇಂಗ್ಲೆಂಡಿನ ಈ ನಮ್ಮ ಕನ್ನಡ ಸಂಘದ ನಾಲ್ವರಿಗೆ ಕಾರಿನ ಹುಚ್ಚು ಇರುವುದು ನಿಮಗೆಲ್ಲ ಗೊತ್ತು. ಯುಗಾದಿ ಊಟಕ್ಕೂ ಉಗುರಿನ ಸಂದಿಯಲ್ಲಿ ಗ್ರೀಸ್ ಇಟ್ಟುಕೊಂಡೇ ಬರುವವರು. ಒಬ್ಬ ಗೋಕಾಕದವ, ಒಬ್ಬ ಅಥಣಿಯವ, ಒಬ್ಬ ಮುಧೋಳದವ, ಒಬ್ಬಳು ವಿಜಯಪುರ ಜಿಲ್ಲೆಯ ಇಂಡಿಯವಳು. ಹೆಸರು ಹಾಕಬೇಡಿ ಅಂದಿದ್ದಾರೆ. ತಮ್ಮತಮ್ಮಲ್ಲೇ ಅವರು ಊರಿನ ಹೆಸರು ಹಿಡಿದು ಕರೆದುಕೊಳ್ಳುವುದರಿಂದ ನನಗೂ ಸಲೀಸಾಯಿತು. ಈ ನಾಲ್ವರು, ಅವರ ಕಾರ್ ಕ್ಲಬ್ಬಿನ ಇಬ್ಬರು ಇಂಗ್ಲಿಷ್ ಗೆಳೆಯರು, ಒಟ್ಟು ಆರು ಜನ, ಆರು ಹಳೆಯ ಮಾಜ್ದಾ ಎಂಎಕ್ಸ್-5 ಕಾರುಗಳು. ಇಷ್ಟು ಕಟ್ಟಿಕೊಂಡು ಇಲ್ಲಿನ ಹೆಸರಾಂತ ರೇಸ್ ಟ್ರ್ಯಾಕ್ ಸಿಲ್ವರ್‌ಸ್ಟೋನಿನ ಬರ್ಕೆಟ್ ಆರು ಗಂಟೆ ರಿಲೇ ರೇಸಿಗೆ ಇಳಿದರು.

ರಿಲೇ ಅಂದರೆ ಶಾಲೆಯಲ್ಲಿ ಕೋಲು ಹಿಡಿದು ಓಡುತ್ತಿದ್ದೆವಲ್ಲ, ಅದೇ. ಒಂದು ತಂಡದ ಒಂದೇ ಕಾರು ಟ್ರ್ಯಾಕಿನ ಮೇಲಿರಬೇಕು. ಅದು ಪಿಟ್ಟಿಗೆ, ಅಂದರೆ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ, ಬಂದ ಮೇಲೆಯೇ ಮುಂದಿನದು ಹೊರಡಬೇಕು. ಹೀಗೆ ಆರು ಗಂಟೆ. ಇದನ್ನು ನಡೆಸುವುದು 750 ಮೋಟಾರ್ ಕ್ಲಬ್. ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿನ ಪ್ರೇಮಿಗಳು 1939ರಲ್ಲಿ ಕಟ್ಟಿಕೊಂಡ ಕ್ಲಬ್ಬು ಅದು. ಆ ಕಾರಿನ ಇಂಜಿನ್ನು 747 ಸಿಸಿ, ಅದಕ್ಕೇ ಆ ಹೆಸರು. ಇವತ್ತು ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಇಂಜಿನ್ನಿನ ಮೋಟಾರ್ ಸೈಕಲ್ ಸಿಗುತ್ತವೆ. ರಿಲೇ ರೇಸು ಶುರುವಾದದ್ದು 1951ರಲ್ಲಿ. ಅಂದಿನಿಂದ ಇಂದಿನವರೆಗೂ ಇದು ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಿಕೊಂಡು ಶನಿವಾರ ಭಾನುವಾರ ಕಾರು ಬಿಚ್ಚುವವರ ರೇಸು.

ನಿಜ ಹೇಳಬೇಕೆಂದರೆ ನನಗೆ ಇದರ ಬಗ್ಗೆ ಅಷ್ಟೇನೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಪೆಟ್ರೋಲ್ ಸುಟ್ಟು ಹೊರಟಲ್ಲಿಗೇ ಬಂದು ನಿಲ್ಲುವುದು, ಅದೂ ನೂರಾರು ಪೌಂಡ್ ಖರ್ಚು ಮಾಡಿ! ಸಂಘದ ಕಮಿಟಿಯಲ್ಲಿ ಇವರ ಕಾರಿಗೆ ನಮ್ಮ ಹಳದಿ ಕೆಂಪು ರಿಬ್ಬನ್ ಕಟ್ಟಬೇಕೋ ಬೇಡವೋ ಅಂತ ಎರಡು ತಾಸು ಚರ್ಚೆ ನಡೆಯಿತು. ಬೇಡ ಅಂದವರಲ್ಲಿ ನಾನೂ ಒಬ್ಬಳು. ಕೊನೆಗೆ ಕಟ್ಟಬಹುದು ಅಂತ ತೀರ್ಮಾನವಾಯಿತು. ರೇಸಿನ ದಿನ ಬೆಳಗ್ಗೆ ತಪಾಸಣೆಗೆ ಬಂದ ಅಧಿಕಾರಿ ಕಾರಿನೊಳಗೆ ಏನೂ ನೇತಾಡಕೂಡದು ಅಂತ ಅದನ್ನು ಬಿಚ್ಚಿ ಕೈಗೆ ಕೊಟ್ಟರಂತೆ. ಎರಡು ತಾಸಿನ ಚರ್ಚೆ ಎರಡು ಸೆಕೆಂಡಿನಲ್ಲಿ ಮುಗಿಯಿತು. ಇಂಡಿಯವಳು ಬಿಡಲಿಲ್ಲ, ಹೊರಗಿನ ಕನ್ನಡಿಗೆ ಹಳದಿ ಕೆಂಪು ಟೇಪು ಸುತ್ತಿಯೇ ಬಿಟ್ಟಳು.

ಆ ಹೊತ್ತಿಗೆ ನಾನು ಉದ್ಯಮಬಾಗದಲ್ಲಿ ನನ್ನ ತಮ್ಮನ ವರ್ಕ್‌ಶಾಪಿನಲ್ಲಿದ್ದೆ. ಬೆಳಗಾವಿ ಕಂಡವರಿಗೆ ಉದ್ಯಮಬಾಗದ ಬಗ್ಗೆ ಹೇಳಬೇಕಾಗಿಲ್ಲ. ಫೌಂಡ್ರಿ, ಲೇಥು, ಕ್ರ್ಯಾಂಕ್‌ಶಾಫ್ಟು, ಹೈಡ್ರಾಲಿಕ್ಸು. ಗಾಳಿಯಲ್ಲೇ ಕಾದ ಕಬ್ಬಿಣದ ವಾಸನೆ. ತಮ್ಮ ಮಾಡುವುದು ಟ್ರ್ಯಾಕ್ಟರ್ ಟ್ರೇಲರ್ ಎತ್ತುವ ಹೈಡ್ರಾಲಿಕ್ ಜಾಕಿನ ಕೆಲಸ. ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಅವನಿಗೆ ಊಟಕ್ಕೂ ಪುರಸೊತ್ತು ಇರುವುದಿಲ್ಲ. ಅಲ್ಲಿ ಒಬ್ಬ ಕಾಕಾ ಇದ್ದಾರೆ, ಅಪ್ಪನ ಕಾಲದಿಂದ ಇರುವವರು. ಎಪ್ಪತ್ತು ದಾಟಿದೆ. ಕೆಲಸ ಬಿಟ್ಟು ವರ್ಷಗಳಾದರೂ ದಿನಾ ಬಂದು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತದೆ, ಬೈಗುಳ ಮಾತ್ರ ಅಚ್ಚ ಕನ್ನಡ. ನಮ್ಮ ಗೋಕಾಕ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವಾಗ ಒಂದು ರಜೆಯಲ್ಲಿ ಎರಡು ತಿಂಗಳು ಇದೇ ಕಾಕಾನ ಕೈಕೆಳಗೆ ಕೆಲಸ ಕಲಿತಿದ್ದ. ಹಾಗಾಗಿ ರೇಸಿನ ವಿಷಯ ಹೇಳಿದ ಕೂಡಲೇ ಕಾಕಾ ಕುರ್ಚಿಯನ್ನು ನನ್ನ ಫೋನಿನ ಹತ್ತಿರ ಎಳೆದುಕೊಂಡರು.

ಇಂಗ್ಲೆಂಡಿನಲ್ಲಿ ಬೆಳಗಿನ ಹೊತ್ತು, ಇಲ್ಲಿ ಬೆಳಗಾವಿಯಲ್ಲಿ ಮಧ್ಯಾಹ್ನದ ಚಹಾದ ಹೊತ್ತು. ನಾಲ್ಕೂವರೆ ತಾಸಿನ ಅಂತರ. ಫೋನಿನಲ್ಲಿ ಚಿತ್ರ ಏನೂ ಇಲ್ಲ, ತಂಡದ ಹೆಸರು, ಸುತ್ತಿನ ಲೆಕ್ಕ, ಸಮಯ ಅಷ್ಟೇ. ಅದನ್ನೇ ನಾವು ಕ್ರಿಕೆಟ್ ಸ್ಕೋರಿನಂತೆ ನೋಡುತ್ತಾ ಕೂತೆವು. ತಮ್ಮ ಮಿರ್ಚಿ ಭಜಿ ತರಿಸಿದ.

“ಒಂದ ಸುತ್ತ ಅಂದ್ರ ಎಷ್ಟ ಯವ್ವಾ?” ಕಾಕಾ ಕೇಳಿದರು.

ಸಿಲ್ವರ್‌ಸ್ಟೋನಿನ ದೊಡ್ಡ ಸುತ್ತು 5.891 ಕಿಲೋಮೀಟರ್. ಫಾರ್ಮುಲಾ ಒನ್ ಕಾರು ಅದನ್ನು ಒಂದೂವರೆ ನಿಮಿಷದೊಳಗೆ ಮುಗಿಸುತ್ತದೆ. ನಮ್ಮವರಿಗೆ ಸುಮಾರು ಮೂರು ನಿಮಿಷ ಅಂತ ಹಿಡಿಯಿರಿ. ಆರು ತಾಸಿಗೆ 120 ಸುತ್ತು, 700 ಕಿಲೋಮೀಟರ್ ದಾಟುತ್ತದೆ. ಕಾಕಾ ಮನಸ್ಸಿನಲ್ಲೇ ಹೆದ್ದಾರಿ ಹಿಡಿದು ಹೊರಟರು. ಧಾರವಾಡ, ಹಾವೇರಿ, ದಾವಣಗೆರೆ, ಬೆಂಗಳೂರು. “ಬೆಂಗಳೂರ ದಾಟಿ ಸೇಲಂ ಮುಟ್ಟತಾರಲ್ಲ! ಮತ್ತ ಸೇಲಂದಾಗ ಏನ ಕೆಲಸಾ ಅವರಿಗೆ?” ನನ್ನ ಹಳೆಯ ಪ್ರಶ್ನೆಯನ್ನೇ ಅವರು ಇನ್ನೂ ಚೆನ್ನಾಗಿ ಕೇಳಿಬಿಟ್ಟರು.

ಅಂದಹಾಗೆ ಸಿಲ್ವರ್‌ಸ್ಟೋನ್ ಮೊದಲು ವಿಮಾನ ನಿಲ್ದಾಣ. ಎರಡನೇ ಮಹಾಯುದ್ಧದಲ್ಲಿ, 1943ರಲ್ಲಿ, ಬಾಂಬರ್ ವಿಮಾನಗಳಿಗೆಂದು ತೆರೆದದ್ದು. ಯುದ್ಧ ಮುಗಿದ ಮೇಲೆ ಖಾಲಿ ಬಿದ್ದ ರನ್‌ವೇ ಮೇಲೆ ಕಾರು ಓಡಿಸಲು ಶುರು ಮಾಡಿದರು. ಅಲ್ಲಿ ಹ್ಯಾಂಗರ್ ಸ್ಟ್ರೇಟ್ ಅಂತ ಒಂದು ಉದ್ದನೆಯ ನೇರ ದಾರಿ ಇದೆ, ಆ ಹೆಸರು ವಿಮಾನದ ಹ್ಯಾಂಗರಿನಿಂದಲೇ ಬಂದದ್ದು. ಇದನ್ನು ಹೇಳಿದಾಗ ತಮ್ಮ, “ನಮ್ಮ ಸಾಂಬ್ರಾನೂ ಅವರೇ ಕಟ್ಟಿದ್ದಲ್ಲಾ?” ಅಂದ. ಹೌದು, ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣವೂ ಬ್ರಿಟಿಷ್ ವಾಯುಪಡೆಯದೇ, 1942ರದು. ಅಂದರೆ ನಮ್ಮ ಸಾಂಬ್ರಾ ಒಂದು ವರ್ಷ ದೊಡ್ಡದು. ಕಾಕಾಗೆ ಇದರಿಂದ ಬಹಳ ಸಮಾಧಾನವಾಯಿತು.

ಆಮೇಲೆ ಗೆಲುವಿನ ಪ್ರಶ್ನೆ ಬಂತು. ಈ ರೇಸಿಗೆ ಎಲ್ಲ ತರಹದ ಕಾರುಗಳೂ ಬರುತ್ತವೆ. ಬೆಂಕಿಯಂತೆ ಓಡುವವೂ ಇವೆ, ನಮ್ಮವರಂತೆ ಕುಂಟುವವೂ ಇವೆ. ಹಾಗಾಗಿ ನಿಧಾನದ ತಂಡಗಳಿಗೆ ಮೊದಲೇ ಇಷ್ಟು ಸುತ್ತು ಅಂತ ಉಚಿತವಾಗಿ ಕೊಡುತ್ತಾರೆ. ಫಲಿತಾಂಶ ಎರಡು. ನಿಜವಾಗಿ ಯಾರು ಜಾಸ್ತಿ ಸುತ್ತಿದರು ಅನ್ನುವುದು ಒಂದು, ಉಚಿತ ಸುತ್ತು ಸೇರಿಸಿದ ಹ್ಯಾಂಡಿಕ್ಯಾಪ್ ಪಟ್ಟಿ ಇನ್ನೊಂದು. ಇದನ್ನು ವಿವರಿಸಲು ನಾನು ಒದ್ದಾಡುತ್ತಿದ್ದರೆ ಕಾಕಾ ಕೈ ಎತ್ತಿ ತಡೆದರು. “ಜಾತ್ರ್ಯಾಗ ಎತ್ತಿನ ಹಲ್ಲ ನೋಡೂದಿಲ್ಲೇನ? ಹಾಲಹಲ್ಲಿಂದ ಬ್ಯಾರೆ, ಎರಡ ಹಲ್ಲಿಂದ ಬ್ಯಾರೆ, ನಾಕ ಹಲ್ಲಿಂದ ಬ್ಯಾರೆ. ಹಂಗ ಅದು.” ಹೆಚ್ಚುಕಡಿಮೆ ಹಾಗೇ, ಆದರೆ ಇಲ್ಲಿ ಎಲ್ಲ ಹಲ್ಲಿನವೂ ಒಟ್ಟಿಗೇ ಓಡುತ್ತವೆ ಅಂದೆ. “ಒಂದ ಕಣದಾಗ?” ಅಂತ ಕಣ್ಣರಳಿಸಿದರು. ಅಲ್ಲಿಂದ ಮುಂದೆ ಕಣ್ಣು ಫೋನ್ ಬಿಟ್ಟು ಕದಲಲಿಲ್ಲ.

ನಮ್ಮವರ ಪೈಕಿ ಇಂಗ್ಲಿಷ್ ಗೆಳೆಯರೊಬ್ಬರ ಕಾರು ಅಭ್ಯಾಸದಲ್ಲೇ ಬಿಸಿಯಾಗಿ ಕೂತುಬಿಟ್ಟಿತ್ತು. ಉಳಿದವು ಐದು. ಅಥಣಿ ಚೆನ್ನಾಗಿ ಶುರು ಮಾಡಿದ. ಮುಧೋಳ ಯಾವತ್ತಿನಂತೆ, ಒಂದು ಸುತ್ತಿಗೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಓಡಿಸಿದ. ಇಂಡಿಯವಳಿಗೆ ಇದು ಮೊದಲ ವರ್ಷ. ಹೊಸಬರ ಕಾರಿನ ಹಿಂದೆ ಹಳದಿ ಹಲಗೆಯ ಮೇಲೆ ಕಪ್ಪು ಗುಣಾಕಾರ ಚಿಹ್ನೆ ಹಾಕಬೇಕೆಂಬ ನಿಯಮವಿದೆ, ನಮ್ಮಲ್ಲಿ ಕಲಿಯುವವರ ಕಾರಿಗೆ ಎಲ್ ಬರೆಯುವ ಹಾಗೆ. ಅವಳ ಸಮಯ ಎಲ್ಲರಿಗಿಂತ ನಿಧಾನ. ಆದರೆ ಒಮ್ಮೆಯೂ ದಾರಿ ತಪ್ಪಲಿಲ್ಲ, ಯಾರಿಗೂ ತಗುಲಲಿಲ್ಲ.

ಮೂರನೇ ತಾಸಿನಲ್ಲಿ ಗೋಕಾಕನ ವಿಡಿಯೊ ಕಾಲ್ ಬಂತು. ಪಾಪ, ಮುಖ ಸಣ್ಣದಾಗಿತ್ತು. ತನ್ನ ಪಾಳಿ ಮುಗಿಸಿ ಒಳಗೆ ಬರುವಾಗ ಕ್ಲಚ್ ಪೆಡಲ್ ನೆಲಕ್ಕೆ ಅಂಟಿಕೊಂಡಿದೆ, ಮೇಲೆ ಬರುತ್ತಿಲ್ಲ. ಗೇರ್‌ಬಾಕ್ಸ್ ಇಳಿಸಬೇಕೇನೋ ಅಂತ ಯಾರೋ ಹೇಳಿದ್ದಾರೆ. ಹಾಗಾದರೆ ಇವತ್ತಿಗೆ ಆ ಕಾರು ಮುಗಿಯಿತು. ಅವನು ಕಾಲ್ ಮಾಡಿದ್ದು ನನಗೆ, ಸುಮ್ನೆ ಸಂಕಟ ಹೇಳಿಕೊಳ್ಳಲು. ಕಾಕಾ ಫೋನನ್ನು ನನ್ನ ಕೈಯಿಂದ ಕಸಿದೇ ತೆಗೆದುಕೊಂಡರು.

“ಲೇ, ಗೇರ್‌ಬಾಕ್ಸ ಮುಟ್ಟಬ್ಯಾಡ. ಗಾಡಿ ಕೆಳಗ ಹೋಗು. ಗೇರ್‌ಬಾಕ್ಸಿನ ಮಗ್ಗಲಾಗ ಸಣ್ಣ ಸಿಲಿಂಡರ್ ಇರತದ. ಅಲ್ಲಿ ಎಣ್ಣಿ ಸೋರೇದೇನ ನೋಡು.”

ಸೋರಿತ್ತು. ಪೆಡಲ್ ಒತ್ತಿದಾಗ ಮೇಲಿನ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಪೈಪಿನಲ್ಲಿ ಇಳಿದು ಬಂದು ಈ ಕೆಳಗಿನ ಸ್ಲೇವ್ ಸಿಲಿಂಡರಿನ ಪಿಸ್ಟನ್ ನೂಕಬೇಕು, ಅದು ಕ್ಲಚ್ ಬಿಡಿಸಬೇಕು. ಒಳಗಿನ ರಬ್ಬರ್ ಕಪ್ ಸವೆದರೆ ಎಣ್ಣೆ ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರುತ್ತದೆ, ಪೆಡಲ್ ನೆಲ ಹಿಡಿಯುತ್ತದೆ. ಈ ಕಾರುಗಳಲ್ಲಿ ಅದು ಹಳೇ ಕಾಯಿಲೆಯಂತೆ. ಕಾಕಾ ಮಾಜ್ದಾ ಕಾರನ್ನು ಜೀವಮಾನದಲ್ಲಿ ಕಂಡವರಲ್ಲ. ಟ್ರೇಲರ್ ಜಾಕಿನಲ್ಲೂ ಇದೇ ಸಿಲಿಂಡರು, ಇದೇ ಪಿಸ್ಟನ್ನು, ಇದೇ ರಬ್ಬರು, ಅಳತೆ ಮಾತ್ರ ಬೇರೆ.

ಹೊಸ ಸಿಲಿಂಡರ್ ಎಲ್ಲಿಂದ ತರುವುದು? ಪಕ್ಕದ ತಂಡದವರ ಪೆಟ್ಟಿಗೆಯಲ್ಲಿ ಒಂದಿತ್ತು. ಅವರೂ ಇವರ ಎದುರಾಳಿಗಳೇ, ಪಟ್ಟಿಯಲ್ಲಿ ಇವರಿಗಿಂತ ಒಂದು ಸ್ಥಾನ ಕೆಳಗಿದ್ದವರು. ಬೆಲೆ ಕೂಡ ಕೇಳದೆ ಕೊಟ್ಟರು. ನನ್ನ ತಕರಾರುಗಳಲ್ಲಿ ಅರ್ಧದಷ್ಟು ಆ ಕ್ಷಣಕ್ಕೆ ಕರಗಿದವು. ಪೆಟ್ರೋಲಿನ ತಕರಾರು ಈಗಲೂ ಇದೆ.

ರಿಲೇಯಲ್ಲಿ ಒಂದು ಅನುಕೂಲ. ಒಂದು ಕಾರು ಕೆಟ್ಟು ನಿಂತರೂ ತಂಡ ನಿಲ್ಲುವುದಿಲ್ಲ. ಆದರೆ ಉಳಿದವರು ಅದರ ಪಾಲಿನ ಹೊತ್ತನ್ನೂ ಓಡಿಸಬೇಕು. ಇಂಡಿಯವಳು ನೀರು ಕುಡಿಯುತ್ತಾ ಕೂತಿದ್ದವಳು, ಮೊದಲು ಲೆಕ್ಕದಲ್ಲಿರದ ಇನ್ನೊಂದು ಪಾಳಿಗೆ ಹೆಲ್ಮೆಟ್ ಹಾಕಿಕೊಂಡಳು. ಅವಳು ಹೊರಗೆ ಸುತ್ತು ಎಣಿಸುತ್ತಿದ್ದಷ್ಟು ಹೊತ್ತು ಇವರು ಒಳಗೆ ಕಾರಿನ ಕೆಳಗಿದ್ದರು. ಅತ್ಯಂತ ನಿಧಾನದ ಕಾರೇ ಆ ಹೊತ್ತಿನಲ್ಲಿ ತಂಡವನ್ನು ಹೊತ್ತುಕೊಂಡಿತ್ತು.

ಸಿಲಿಂಡರ್ ಕೂರಿಸುವುದು ಎರಡು ಬೋಲ್ಟಿನ ಕೆಲಸ. ಕಷ್ಟ ಇರುವುದು ಏರ್ ತೆಗೆಯುವುದರಲ್ಲಿ. ಅದಕ್ಕೆ ಇಬ್ಬರು ಬೇಕು. ಒಬ್ಬ ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಕೆಳಗೆ ಮಲಗಿ ನಿಪ್ಪಲ್ ಸಡಿಲ ಮಾಡಿ ಗಾಳಿ ಹೊರಗೆ ಬಿಟ್ಟು ಮತ್ತೆ ಬಿಗಿ ಮಾಡಬೇಕು, ಆಮೇಲೆ ಪೆಡಲ್ ಬಿಡಬೇಕು. ಅನುಕ್ರಮ ತಪ್ಪಿದರೆ ಗಾಳಿ ವಾಪಸ್ ಒಳಕ್ಕೆ. ಗೋಕಾಕ ಕಾರಿನ ಕೆಳಗೆ, ಪೆಡಲ್ ಮೇಲೆ ಕಾರು ಕೆಟ್ಟ ಆ ಇಂಗ್ಲಿಷ್ ಗೆಳೆಯರು, ನೆಲದ ಮೇಲೆ ಸ್ಪೀಕರ್ ಹಾಕಿಟ್ಟ ಫೋನು, ಉದ್ಯಮಬಾಗದಿಂದ ಕಾಕಾನ ದನಿ.

“ಒತ್ತು… ಹಿಡಿ… ಬಿಚ್ಚು… ಮುಚ್ಚು… ಬಿಡು. ಒತ್ತು… ಹಿಡಿ… ಲೇ, ಅವರಿಗೆ ಹೇಳು, ನಾ ಬಿಡು ಅನ್ನೂತನಾ ಕಾಲ ತಗೀಬಾರದು!”

ನಾಲ್ಕನೇ ಸಲಕ್ಕೆ ಹೇಳುವುದೇ ಬೇಕಾಗಲಿಲ್ಲ. ಆ ಇಂಗ್ಲಿಷ್ ಮನುಷ್ಯರು ತಾವೇ “ವತ್ತು… ಹಿಡಿ…” ಅಂತ ಶುರು ಮಾಡಿದರು. ನಾನು, ತಮ್ಮ, ಲೇಥಿನ ಹುಡುಗರು ಇಬ್ಬರು, ಎಲ್ಲರೂ ಉಸಿರು ಹಿಡಿದು ನಿಂತಿದ್ದೆವು. ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ಹಾಡು ಜೋರಾಗಿ ಹಾಕಿಕೊಂಡು ಹೋಯಿತು. ಕಾಕಾ ಬಾಗಿಲ ಕಡೆ ತಿರುಗಿ ಬೈದರು. ಅದನ್ನೂ ಆ ಕಡೆಯವರು ಒಂದು ಸೂಚನೆ ಅಂತಲೇ ತಿಳಿದು ಮುಂದೇನು ಮಾಡಬೇಕು ಅಂತ ಕಾದರಂತೆ.

ಪೆಡಲ್ ಮೇಲೆ ಬಂತು. ಕೊನೆಯ ತಾಸಿಗೆ ಗೋಕಾಕ ಮತ್ತೆ ಟ್ರ್ಯಾಕಿನ ಮೇಲಿದ್ದ. ಅಲ್ಲಿ ಸಂಜೆಯಾಗುತ್ತಿದ್ದಾಗ ಇಲ್ಲಿ ರಾತ್ರಿ ಒಂಬತ್ತು ದಾಟಿತ್ತು. ಕಾಕಾ ಮನೆಗೆ ಹೋಗಿರಲಿಲ್ಲ. ಅವರ ಸೊಸೆ ಎರಡು ಸಲ ಫೋನ್ ಮಾಡಿ, ಮೂರನೇ ಸಲಕ್ಕೆ ರೊಟ್ಟಿ ಪಲ್ಯವನ್ನೇ ಡಬ್ಬಿ ಕಟ್ಟಿ ಮಗನ ಕೈಯಲ್ಲಿ ಕಳಿಸಿದರು.

ಫಲಿತಾಂಶ? ಹ್ಯಾಂಡಿಕ್ಯಾಪ್ ಪಟ್ಟಿಯಲ್ಲಿ ನಡುವಿಗಿಂತ ಕೊಂಚ ಮೇಲೆ. ಸಿಲಿಂಡರ್ ಕೊಟ್ಟ ತಂಡ ಇವರಿಗಿಂತ ಮುಂದೆ ಹೋಯಿತು. ಅದೇ ನ್ಯಾಯ ಅಂತ ನಾಲ್ವರೂ ಒಪ್ಪಿದ್ದಾರೆ, ಮುಧೋಳ ಮಾತ್ರ ಸ್ವಲ್ಪ ತಡವಾಗಿ.

ಗೋಕಾಕ ಡಿಸೆಂಬರಿನಲ್ಲಿ ಊರಿಗೆ ಹೊರಟಿದ್ದಾನೆ. ಕಾಕಾಗೆ ಏನು ತರಲಿ ಅಂತ ಕೇಳಿದ್ದನಂತೆ, ವಾಚೋ, ಸ್ವೆಟರೋ. ಅದೇನೂ ಬೇಡ, ಆ ಸೋರಿದ ಸಿಲಿಂಡರ್ ತಾ ಅಂದಿದ್ದಾರೆ. ಒಳಗಿನ ರಬ್ಬರ್ ಯಾವ ಕಡೆಯಿಂದ ತಿಂದಿದೆ ಅಂತ ಅವರು ನೋಡಬೇಕಂತೆ.

“ತೊಳೀಬ್ಯಾಡ ಮತ್ತ. ಹೆಂಗ ಐತಿ ಹಂಗ ತಾ.”