ಮಧ್ಯಾಹ್ನದ ವೋಲ್ಟೇಜ್ ಮಧ್ಯಾಹ್ನವೇ ಅಳೆಸಿ: ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ,

ನಮಸ್ಕಾರಗಳು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಬ್ಸಿಡಿ ಇದೆ, ಮನೆ ಮೇಲೆ ಸೋಲಾರ್ ಹಾಕಿಸಿ ಎಂದರು. ನಮ್ಮ ಬೀದಿಯಲ್ಲಿ ಸುಮಾರು ಮನೆಯವರು ನಂಬಿ ಹಾಕಿಸಿದೆವು. ಈಗ ಬಿಸಿಲು ಚುರುಕಾಗುವ ಹೊತ್ತಿಗೇ, ಸೋಲಾರ್ ಕರೆಂಟನ್ನು ಲೈನಿಗೆ ಸೇರಿಸುವ ಇನ್ವರ್ಟರಿನಲ್ಲಿ ಕೆಂಪು ದೀಪ ಹತ್ತಿ ಅದು ನಿಂತುಬಿಡುತ್ತದೆ. ಪರದೆ ಮೇಲೆ 256 ವೋಲ್ಟ್. ಬೆಳಗ್ಗೆ ಎಲ್ಲರೂ ಗೀಸರ್ ಹಾಕುವಾಗ ಅದೇ ಲೈನಿನಲ್ಲಿ 195. ಈ ಏರಿಳಿತಕ್ಕೆ ಫ್ರಿಜ್ಜಿನ ಬೋರ್ಡ್ ಸುಟ್ಟಿತು, ಹೊಸದಾಗಿ ಹಾಕಿಸಿದ ಬೋರ್ಡೂ ಹೋಯಿತು. ಅಮ್ಮನ ಇನ್ಸುಲಿನ್ ಪಕ್ಕದ ಮನೆಯ ಫ್ರಿಜ್ಜಿನಲ್ಲಿಟ್ಟು ದಿನ ದೂಡಿದ್ದೇವೆ. ಅವರ ಫ್ರಿಜ್ಜೂ ಇದೇ ಲೈನಿನದು ಎಂಬ ಭಯ ಬೇರೆ.

ದೂರು ಕೊಟ್ಟೆವು. ತಪಾಸಣೆಗೆ ಬಂದವರು ಬಂದದ್ದು ಸೂರ್ಯ ಮುಳುಗಿದ ಮೇಲೆ! ಮೀಟರ್ ಹಿಡಿದರು, 226 ತೋರಿಸಿತು, "ವೋಲ್ಟೇಜ್ ಸರಿಯಿದೆ" ಎಂದು ಬರೆದು ದೂರು ಮುಚ್ಚಿದರು. ಮಧ್ಯಾಹ್ನ ಬನ್ನಿ ಎಂದು ಕೈಮುಗಿದು ಕೇಳಿದರೆ, "ಆಗ ಬೇರೆ ಕೆಲಸ ಇರುತ್ತೆ ಸಾರ್." ಬಿಸಿಲಿನ ದೂರನ್ನು ಕತ್ತಲಲ್ಲಿ ಪರಿಶೀಲಿಸುವುದು ಎಂಥ ಪದ್ಧತಿ, ಸಚಿವರೇ? ಇದಕ್ಕೆ ಯಾರು ಉತ್ತರ ಕೊಡುತ್ತಾರೆ?

230 ವೋಲ್ಟಿಗೆ ಶೇ 6ಕ್ಕಿಂತ ಹೆಚ್ಚುಕಡಿಮೆ ಆಗಬಾರದೆಂಬುದು, ಅಂದರೆ 244 ದಾಟಬಾರದೆಂಬುದು ನಿಮ್ಮ ಇಲಾಖೆಗೆ ಹೊಸದಲ್ಲ. 230ರ ಶೇ 110, ಅಂದರೆ 253 ವೋಲ್ಟ್ ಮೀರಿದರೆ ಇನ್ವರ್ಟರ್ ಲೈನಿನಿಂದ ಕಳಚಿಕೊಳ್ಳಬೇಕೆಂಬುದೂ ನಿಯಮವೇ. ಹಾಗಾಗಿ "ನಿಮ್ಮ ಇನ್ವರ್ಟರೇ ಸರಿಯಿಲ್ಲ" ಎಂಬ ಮಾತು ಇನ್ನು ಬೇಡ. ಕರೆಂಟು ಟ್ರಾನ್ಸ್‌ಫಾರ್ಮರಿನಿಂದ ಮನೆಗೆ ಮಾತ್ರ ಹರಿಯುತ್ತಿದ್ದ ಕಾಲದ ಲೈನು ಇದು. ಈಗ ಮಧ್ಯಾಹ್ನ ಮನೆಗಳಿಂದಲೇ ವಾಪಸ್ ಹರಿಯುತ್ತದೆ, ಬಳಸುವವರಿಲ್ಲದೆ ವೋಲ್ಟೇಜ್ ಏರುತ್ತದೆ. ಸಿಂಗಲ್ ಫೇಸ್ ಇನ್ವರ್ಟರುಗಳೆಲ್ಲ ಒಂದೇ ಫೇಸಿಗೆ ಬಿದ್ದರಂತೂ ಕೇಳುವುದೇ ಬೇಡ.

ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಬಗ್ಗೆ ನಮಗೂ ಹೆಮ್ಮೆಯಿದೆ. ಆದರೆ ಬೆಂಗಳೂರಿನ ಒಂದು ಬೀದಿಯ ಲೈನ್ ಸರಿಪಡಿಸಲು ಯಾರಿಗೂ ಪುರುಸೊತ್ತಿಲ್ಲವೆಂದರೆ ಹೊಟ್ಟೆ ಉರಿಯುತ್ತದೆ.

ಮಧ್ಯಾಹ್ನ ಬಂದು ಅಳೆಯಲು ಹೇಳಿ. ಒಂದು ವಾರ ಟ್ರಾನ್ಸ್‌ಫಾರ್ಮರಿನಲ್ಲೂ ಬೀದಿಯ ಕೊನೆಯ ಮನೆಯಲ್ಲೂ ರೆಕಾರ್ಡ್ ಮಾಡುವ ಮೀಟರ್ ಇಡಿಸಿ. ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಹೆಚ್ಚುಕಡಿಮೆ ಮಾಡುವ ಟ್ಯಾಪ್ ಸರಿಪಡಿಸಿ, ಮನೆಗಳನ್ನು ಮೂರೂ ಫೇಸಿಗೆ ಸಮನಾಗಿ ಹಂಚಲಿ. ವೋಲ್ಟೇಜ್ ಏರಿದಾಗ ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಲೈನಿನಲ್ಲಿ ಹೋಗಿಬರುವ ವಿದ್ಯುತ್) ಎಳೆದು ಅದನ್ನು ತಗ್ಗಿಸುವ ಸೌಲಭ್ಯ ಈಗಿನ ಎಷ್ಟೋ ಇನ್ವರ್ಟರುಗಳಲ್ಲಿದೆ, ಅದನ್ನು ಆನ್ ಮಾಡಲು ಅನುಮತಿ ಕೊಡಿಸಿ. ಇಷ್ಟಾಗುವವರೆಗೆ ನಮ್ಮ ದೂರು ಮುಚ್ಚಬೇಡಿ. ಮಧ್ಯಾಹ್ನ ಹನ್ನೆರಡರಿಂದ ಎರಡರ ಒಳಗೆ ಯಾವತ್ತು ಬಂದರೂ ಗೇಟು ತೆರೆದಿರುತ್ತದೆ.

ಇಂತಿ,
ಬೆಂಗಳೂರಿನ ಒಬ್ಬ ವಿದ್ಯುತ್ ಗ್ರಾಹಕ