ಡಿಸ್ಕ್ ಇಲ್ಲದ ಕನ್ಸೋಲ್ ನಮ್ಮೂರಿಗೆ ದುಬಾರಿ

ಸಂಪಾದಕರಿಗೆ ನಮಸ್ಕಾರ.

ಮಕ್ಕಳಿಗೆ ಟಿವಿಗೆ ಜೋಡಿಸಿ ಆಡುವ ಯಾವ ಗೇಮ್ ಕನ್ಸೋಲ್ ಕೊಡಿಸಬಹುದು ಎಂದು ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಸೋನಿಯ ಪ್ಲೇಸ್ಟೇಷನ್, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಎರಡರ ಬೆಲೆಯನ್ನೂ ಪಟ್ಟಿ ಮಾಡಿ ಚೆನ್ನಾಗಿಯೇ ಕೊಟ್ಟಿದ್ದೀರಿ. ಕಡಿಮೆ ದುಡ್ಡಿನವರು ಡಿಸ್ಕ್ ಇಲ್ಲದ, ಗೇಮ್ ಡೌನ್‌ಲೋಡ್ ಮಾಡಿಯೇ ಆಡಬೇಕಾದ ಮಾಡೆಲ್ ತೆಗೆದುಕೊಳ್ಳಲಿ, ಅದೂ ಆಗದವರು ಕನ್ಸೋಲ್ ಇಲ್ಲದೆ ನೆಟ್ ಮೂಲಕವೇ ಆಡುವ ಕ್ಲೌಡ್ ಗೇಮಿಂಗ್‌ಗೆ ತಿಂಗಳ ದುಡ್ಡು ಕಟ್ಟಲಿ ಎಂಬ ಸಲಹೆಯೂ ಇದೆ. ಆದರೆ ಅಗ್ಗ ಎಂದು ನೀವು ಹೇಳಿದ ಆ ಎರಡೇ ದಾರಿಗಳು ಹಾಸನದಂಥ ಊರಿನಲ್ಲಿ ಜಾಸ್ತಿ ದುಡ್ಡು ತಿನ್ನುತ್ತವೆ. ಅದಕ್ಕೇ ಈ ಪತ್ರ.

ಇದರಲ್ಲಿ ನನ್ನ ಹೊಟ್ಟೆಪಾಡೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಬಿ.ಎಂ. ರಸ್ತೆಯಿಂದ ಒಳಗೆ ತಿರುಗಿದರೆ ನನ್ನ ಸಣ್ಣ ಅಂಗಡಿ. ಕಂಟ್ರೋಲರ್ ರಿಪೇರಿ ಮಾಡುತ್ತೇನೆ. ಹಳೇ ಕನ್ಸೋಲ್ ಕೊಂಡು ಮಾರುತ್ತೇನೆ. ಆಡಿ ಮುಗಿಸಿದ ಡಿಸ್ಕ್ ತಂದವರಿಗೆ ಬೇರೆ ಡಿಸ್ಕ್ ಕೊಟ್ಟು ಮೇಲಿನ ವ್ಯತ್ಯಾಸ ಈಸಿಕೊಳ್ಳುತ್ತೇನೆ. ಮೊದಲು ಅದೇ ಜಾಗದಲ್ಲಿ ಗಂಟೆ ಲೆಕ್ಕದ ಗೇಮ್ ಪಾರ್ಲರ್ ಇತ್ತು. ಇಂಜಿನಿಯರಿಂಗ್ ಹುಡುಗರು ಬರುತ್ತಿದ್ದರು. ಕ್ಲಾಸ್ ಇದೆಯೋ ಇಲ್ಲವೋ ನಾನು ಕೇಳುತ್ತಿರಲಿಲ್ಲ. ಡಿಸ್ಕ್ ಹೋದರೆ ನನ್ನ ಅಂಗಡಿಯೂ ಹೋಗುತ್ತದೆ. ಹಾಗಾಗಿ ನನ್ನ ಮಾತನ್ನು ಅನುಮಾನದಿಂದಲೇ ಓದಿ. ಲೆಕ್ಕವನ್ನು ಮಾತ್ರ ನೀವೇ ಹಾಕಿ ನೋಡಿ.

ಮೊದಲೆಲ್ಲ ಬೆಲೆಗೆ ಒಂದು ನಡೆ ಇತ್ತು. ಹೊಸ ಕನ್ಸೋಲ್ ಬಂದ ಕೂಡಲೇ ಬೆಂಗಳೂರಿನವರು ಕೊಳ್ಳುತ್ತಿದ್ದರು. ಎರಡು ಮೂರು ವರ್ಷ ಕಾದು, ಇಳಿದ ಬೆಲೆಗೆ ನಾವು ಕೊಳ್ಳುತ್ತಿದ್ದೆವು. ಅಮೆರಿಕದಲ್ಲಿ 2000ದಲ್ಲಿ 299 ಡಾಲರ್‌ಗೆ ಬಂದ ಪ್ಲೇಸ್ಟೇಷನ್ 2, 2009ರ ಹೊತ್ತಿಗೆ 99 ಡಾಲರ್ ಆಗಿತ್ತು. ಪ್ಲೇಸ್ಟೇಷನ್ 4 (ಪಿಎಸ್4) 2013ರಲ್ಲಿ 399 ಡಾಲರ್, ಮೂರೇ ವರ್ಷದಲ್ಲಿ 299. ನನ್ನ ಪಾರ್ಲರ್ ನಡೆದದ್ದೇ ಈ ಇಳಿಕೆ ನಂಬಿಕೊಂಡು.

ಈ ಸಲ ಬೆಲೆ ಉಲ್ಟಾ ನಡೆದಿದೆ. ಪಿಎಸ್5 2021ರ ಫೆಬ್ರುವರಿಯಲ್ಲಿ ನಮ್ಮ ದೇಶಕ್ಕೆ ಬಂದಾಗ ಡಿಸ್ಕ್ ಹಾಕುವ ಮಾಡೆಲ್ 49,990 ರೂಪಾಯಿ, ಡಿಸ್ಕ್ ಇಲ್ಲದ್ದು 39,990. 2022ರ ಕೊನೆಯಲ್ಲಿ ಎರಡಕ್ಕೂ ಐದೈದು ಸಾವಿರ ಏರಿತು. 2024ರಲ್ಲಿ ತೆಳ್ಳಗಿನ ಮಾಡೆಲ್ ಬಂತು. ಮೈ ಇಳಿಯಿತು, ಬೆಲೆ ಇಳಿಯಲಿಲ್ಲ: 54,990 ಮತ್ತು 44,990. ಇನ್ನು ಅಮೆರಿಕದಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 2020ರಲ್ಲಿ 499 ಡಾಲರ್ ಇದ್ದದ್ದು 2025ರಲ್ಲಿ ಎರಡು ಸಲ ಏರಿ 649 ಡಾಲರ್ ಮುಟ್ಟಿತು. ಐದು ವರ್ಷ ಹಳೆಯ ಮಾಲು ಹೊಸದರಲ್ಲಿ ಇದ್ದುದಕ್ಕಿಂತ ದುಬಾರಿ! ಅಮೆರಿಕ ಹಾಕಿದ ಆಮದು ಸುಂಕ ಒಂದು ಕಾರಣ. ಹಿಂದಿನಂತೆ ವರ್ಷ ಕಳೆದ ಹಾಗೆ ಚಿಪ್ ಅಗ್ಗವಾಗದೆ ಇರುವುದು ಇನ್ನೊಂದು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಬಾಚಿಕೊಳ್ಳುತ್ತಿರುವುದರಿಂದ ಅದರ ಬೆಲೆಯೂ ಗಗನಕ್ಕೆ ಹೋಗಿದೆ. ಮುಂದಿನ ತಲೆಮಾರಿನ ಕನ್ಸೋಲ್ ಅಗ್ಗದಲ್ಲಿ ಬರುತ್ತದೆ, ಕಾಯಿರಿ ಎಂದು ನಾನಂತೂ ಯಾರಿಗೂ ಹೇಳುತ್ತಿಲ್ಲ.

ಇಷ್ಟೆಲ್ಲ ಏರಿದರೂ ಕನ್ಸೋಲ್ ಡಬ್ಬದಲ್ಲಿ ಕಂಪನಿಗಳಿಗೆ ದೊಡ್ಡ ಲಾಭವಿಲ್ಲ. 2021ರಲ್ಲಿ ಗೇಮ್ ಕಂಪನಿ ಎಪಿಕ್ ಮತ್ತು ಆಪಲ್ ನಡುವಿನ ಕೇಸಿನಲ್ಲಿ ಮೈಕ್ರೋಸಾಫ್ಟ್ ಅಧಿಕಾರಿಯೊಬ್ಬರು, ಎಕ್ಸ್‌ಬಾಕ್ಸ್ ಕನ್ಸೋಲ್ ಮಾರಿ ಯಾವತ್ತೂ ಲಾಭ ಮಾಡಿಲ್ಲ ಎಂದು ಕೋರ್ಟಿನಲ್ಲೇ ಹೇಳಿದರು. ದುಡ್ಡು ಬರುವುದು ಗೇಮ್‌ನಿಂದ. ಅವರ ಆನ್‌ಲೈನ್ ಅಂಗಡಿಯಲ್ಲಿ ಮಾರಾಟವಾಗುವ ಗೇಮ್‌ನಲ್ಲಿ ಸಾಮಾನ್ಯವಾಗಿ ನೂರಕ್ಕೆ 30 ಅವರ ಪಾಲು. ಹಸುವನ್ನು ಅಗ್ಗಕ್ಕೆ ಕೊಟ್ಟು, ಹಿಂಡಿ ಮಾತ್ರ ನಮ್ಮಲ್ಲೇ ತಗೋಬೇಕು ಎಂದ ಹಾಗೆ. ಡಿಸ್ಕ್ ಹಾಕುವ ಜಾಗ ಇರುವವರೆಗೆ ಹಿಂಡಿಯನ್ನು ಬೇರೆ ಕಡೆಯೂ ತರಬಹುದು. ಆ ಜಾಗ ಮುಚ್ಚಿದರೆ ಒಂದೇ ಅಂಗಡಿ, ಅವರು ಹೇಳಿದ್ದೇ ರೇಟು.

ಈಗ ಲೆಕ್ಕಕ್ಕೆ ಬರುತ್ತೇನೆ. ದೊಡ್ಡ ಪಿಎಸ್5 ಗೇಮ್ ಹೊಸದಾಗಿ ಬಂದಾಗ ಸುಮಾರು ಐದು ಸಾವಿರ ರೂಪಾಯಿ. ಡಿಸ್ಕ್ ಕೊಂಡ ಹುಡುಗ ಒಂದೆರಡು ತಿಂಗಳಲ್ಲಿ ಆಡಿ ಮುಗಿಸಿ ನನ್ನ ಹತ್ತಿರ ತರುತ್ತಾನೆ. ಗೀರು ಇಲ್ಲದಿದ್ದರೆ, ಗೇಮ್‌ಗೆ ಹೆಸರಿದ್ದರೆ, ಮೂರು ಸಾವಿರದವರೆಗೂ ಕೊಡುತ್ತೇನೆ. ಅವನಿಗೆ ನಿಜವಾದ ಖರ್ಚು ಎರಡು ಸಾವಿರ. ನನ್ನಿಂದ ಅದನ್ನು ಕೊಳ್ಳುವ ಎರಡನೆಯವನು ಮತ್ತೆ ಮಾರುತ್ತಾನೆ, ಅವನಿಗೆ ಇನ್ನೂ ಕಡಿಮೆ. ಒಂದೇ ಡಿಸ್ಕ್ ಹಾಸನದಲ್ಲಿ ಶುರುವಾಗಿ ಹೊಳೆನರಸೀಪುರ, ಅರಸೀಕೆರೆ ಸುತ್ತಿ ಮತ್ತೆ ನನ್ನ ಟೇಬಲ್ಲಿಗೇ ಬಂದದ್ದುಂಟು. ಕವರ್ ಬದಲಾಗಿತ್ತು, ಹಿಂದೆ ನಾನೇ ಹಾಕಿದ್ದ ಪೆನ್ನಿನ ಗುರುತು ಹಾಗೇ ಇತ್ತು!

ಅದೇ ಗೇಮ್ ಡೌನ್‌ಲೋಡ್ ಮಾಡಿಕೊಂಡವನ ಐದು ಸಾವಿರ ಹೋಯಿತು ಅಂತಲೇ ಲೆಕ್ಕ. ಮಾರುವ ಹಾಗಿಲ್ಲ. ಊರಲ್ಲಿರುವ ಮಾವನ ಮಗನಿಗೆ ರಜೆಯಲ್ಲಿ ಕೈಗೆ ಕೊಟ್ಟು ಕಳಿಸುವ ಹಾಗೂ ಇಲ್ಲ. ಒಂದು ಗೇಮ್‌ಗೆ ಮೂರು ಸಾವಿರ ವ್ಯತ್ಯಾಸ ಎಂದರೆ, 2024ರ ಬೆಲೆಯಲ್ಲಿ ಡಿಸ್ಕ್ ಇಲ್ಲದ ಮಾಡೆಲ್ ಕೊಂಡು ಉಳಿಸಿದ ಹತ್ತು ಸಾವಿರ ನಾಲ್ಕನೇ ಗೇಮ್ ಹೊತ್ತಿಗೆ ಖಾಲಿ. ಆಮೇಲೆಲ್ಲ ಕೈಯಿಂದ. ಆನ್‌ಲೈನ್ ಅಂಗಡಿಯಲ್ಲೂ ಸೇಲ್ ಬರುತ್ತದೆ, ನಿಜ. ವರ್ಷ ಕಾದರೆ ಅರ್ಧ ಬೆಲೆಗೂ ಸಿಗುತ್ತದೆ. ಹದಿನಾರರ ಹುಡುಗನಿಗೆ ವರ್ಷ ಕಾಯಿ ಅಂತ ಹೇಳಿ ನೋಡಿ. ಡಿಸ್ಕ್ ಇದ್ದರೂ ಅಪ್‌ಡೇಟ್ ಅಂತ ಹತ್ತಿಪ್ಪತ್ತು ಜಿಬಿ ಇಳಿಸಿಕೊಳ್ಳಬೇಕಾದ ಗೇಮ್‌ಗಳೂ ಬೇಕಾದಷ್ಟಿವೆ, ಅದೂ ನಿಜ.

ಇಲ್ಲೊಂದು ಹಳೇ ಕಥೆ ಹೇಳಲೇಬೇಕು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ತರುವಾಗ ಮೈಕ್ರೋಸಾಫ್ಟ್ ಹಳೇ ಡಿಸ್ಕ್ ಮಾರುವುದಕ್ಕೆ ಕಟ್ಟುಪಾಡು ಹಾಕಲು ಹೊರಟಿತ್ತು. ಆಗ ಸೋನಿಯವರು ಅರ್ಧ ನಿಮಿಷವೂ ಇಲ್ಲದ ಒಂದು ವಿಡಿಯೊ ಬಿಟ್ಟರು. ಪಿಎಸ್4 ಗೇಮನ್ನು ಗೆಳೆಯನಿಗೆ ಕೊಡುವುದು ಹೇಗೆ? ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಇಡುತ್ತಾನೆ, ಅವನು ಥ್ಯಾಂಕ್ಸ್ ಅನ್ನುತ್ತಾನೆ, ಅಷ್ಟೇ. ಜನ ಚಪ್ಪಾಳೆ ತಟ್ಟಿದರು. ಪಿಎಸ್4 ಬೆಲೆಯೂ ನೂರು ಡಾಲರ್ ಕಡಿಮೆ ಇತ್ತು. ಮೈಕ್ರೋಸಾಫ್ಟ್ ಅದೇ ಜೂನ್‌ನಲ್ಲಿ ಹಿಂದೆ ಸರಿಯಿತು. ಅದೇ ಸೋನಿ 2024ರ ನವೆಂಬರ್‌ನಲ್ಲಿ 699 ಡಾಲರ್‌ನ ಪಿಎಸ್5 ಪ್ರೊ ತಂದಾಗ ಅದರಲ್ಲಿ ಡಿಸ್ಕ್ ಡ್ರೈವೇ ಇರಲಿಲ್ಲ. ಬೇಕಾದರೆ ಬೇರೆ ದುಡ್ಡು ಕೊಟ್ಟು ಸೇರಿಸಿಕೊಳ್ಳಬೇಕು.

ಇನ್ನು ಕ್ಲೌಡ್. ಗೇಮ್ ಓಡುವುದು ದೂರದ ಸರ್ವರ್‌ನಲ್ಲಿ, ನಮ್ಮ ಪರದೆಗೆ ಬರುವುದು ಬರೀ ವಿಡಿಯೊ. ಬಟನ್ ಒತ್ತಿದ್ದು ಅಲ್ಲಿಗೆ ಹೋಗಿ, ಚಿತ್ರವಾಗಿ ವಾಪಸ್ ಬರಬೇಕು. ಸೆಕೆಂಡಿಗೆ 60 ಚಿತ್ರ ಓಡುವ ಗೇಮ್‌ನಲ್ಲಿ ಒಂದು ಚಿತ್ರಕ್ಕೆ ಸಿಗುವ ಸಮಯ 17 ಮಿಲಿಸೆಕೆಂಡಿಗಿಂತ ಕಡಿಮೆ. ನಡುವೆ ನೆಟ್ ಸ್ವಲ್ಪ ತಡವರಿಸಿದರೂ ಕ್ರಿಕೆಟ್ ಗೇಮ್‌ನಲ್ಲಿ ಬ್ಯಾಟ್ ಬೀಸುವ ಹೊತ್ತಿಗೆ ಬೇಲ್ಸ್ ಬಿದ್ದಿರುತ್ತದೆ.

ಡೇಟಾ ಲೆಕ್ಕವನ್ನು ನಿಮ್ಮ ಲೇಖನ ಮುಟ್ಟಲೇ ಇಲ್ಲ. 20 ಎಂಬಿಪಿಎಸ್ ವೇಗದಲ್ಲಿ ವಿಡಿಯೊ ಬಂದರೆ ಗಂಟೆಗೆ 9 ಜಿಬಿ. ಫೋನಿನ ದಿನಕ್ಕೆ 2 ಜಿಬಿ ಪ್ಲಾನ್ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಅಂದರೆ ಮನೆಗೆ ಫೈಬರ್ ಬೇಕು. ಹಾಸನ ಪೇಟೆಯಲ್ಲಿ ಸಿಗುತ್ತದೆ. ಸಕಲೇಶಪುರ ಕಡೆ ತೋಟದ ಮನೆಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ-ಮಳೆಗೆ ಮರ ಬಿದ್ದರೆ ಕೇಬಲ್ ಹೋಯಿತು, ಕರೆಂಟೂ ಹೋಯಿತು. ಕರೆಂಟ್ ಹೋದರೆ ಕನ್ಸೋಲ್ ಕೂಡ ಓಡುವುದಿಲ್ಲ ಅಲ್ವಾ ಎಂದು ನೀವು ಕೇಳಬಹುದು. ಯುಪಿಎಸ್‌ನಲ್ಲಿ ಓಡುತ್ತದೆ. ನೆಟ್‌ಗೆ ಯುಪಿಎಸ್ ಎಲ್ಲಿ ತರೋಣ?

ತಿಂಗಳ ದುಡ್ಡಿನ ಕಥೆ ಇನ್ನೂ ಚೆನ್ನಾಗಿದೆ. ಎಕ್ಸ್‌ಬಾಕ್ಸ್ ಗೇಮ್ ಪಾಸ್ ಅಲ್ಟಿಮೇಟ್ ಎಂಬ ಚಂದಾ ಪ್ಲಾನ್ ನಮ್ಮಲ್ಲಿ ತಿಂಗಳಿಗೆ 829 ರೂಪಾಯಿ ಇದ್ದದ್ದು 2025ರ ಅಕ್ಟೋಬರ್‌ನಲ್ಲಿ 1,389 ಆಯಿತು. ಮುಂದಿನ ತಿಂಗಳೇ ಕ್ಲೌಡ್ ಗೇಮಿಂಗ್ ಭಾರತಕ್ಕೂ ಬಂತು. ಆ ರೇಟಿನಲ್ಲಿ ವರ್ಷಕ್ಕೆ 16,668. ಮೂರು ವರ್ಷಕ್ಕೆ 50,004 ರೂಪಾಯಿ. ಪಿಎಸ್5 ಮೊದಲು ಬಂದಾಗ ಇದ್ದ ಬೆಲೆಗಿಂತ 14 ರೂಪಾಯಿ ಜಾಸ್ತಿ! ಆಮೇಲೆ ಕಟ್ಟುವುದು ನಿಲ್ಲಿಸಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ತಿಂಗಳಿಗೆ 499ರ ಸಣ್ಣ ಪ್ಲಾನ್ ಇದೆ, ಅದರಲ್ಲೂ ಕ್ಲೌಡ್ ಇದೆ, ಆದರೆ ಗೇಮ್‌ಗಳು ಕಡಿಮೆ. ಹಾಸ್ಟೆಲ್‌ನಲ್ಲಿ ಒಳ್ಳೇ ವೈಫೈ ಇರುವ, ಲ್ಯಾಪ್‌ಟಾಪ್ ಇರುವ ಹುಡುಗನಿಗೆ ಪರೀಕ್ಷೆ ರಜೆಯಲ್ಲಿ ಒಂದೆರಡು ತಿಂಗಳು ಹಾಕಿಸಿಕೋ ಎಂದು ನಾನೇ ಹೇಳಿದ್ದೇನೆ. ಮನೆಗೆ ಕಾಯಂ ಅಂತ ಆದರೆ ಮಾತ್ರ ಬೇಡ.

ಸೇವೆಯೇ ಮುಚ್ಚಿದರೆ? ಗೂಗಲ್‌ನಂಥ ಗೂಗಲ್ 2019ರಲ್ಲಿ ಸ್ಟೇಡಿಯಾ ಎಂಬ ಕ್ಲೌಡ್ ಗೇಮ್ ಸೇವೆ ಶುರು ಮಾಡಿ 2023ರ ಜನವರಿಯಲ್ಲಿ ಬಾಗಿಲು ಹಾಕಿತು. ಅವರೇನೋ ಗೇಮ್ ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟರು, ಒಪ್ಪಬೇಕಾದ್ದೇ. ಎಲ್ಲರೂ ಕೊಡುತ್ತಾರಾ? ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಒಂದು ಕಾನೂನು ಇದೆ. ಡಿಜಿಟಲ್ ಗೇಮ್ ಮಾರುವವರು, ಗಿರಾಕಿಗೆ ಸಿಗುವುದು ಒಡೆತನ ಅಲ್ಲ, ಬರೀ ಆಡುವ ಲೈಸೆನ್ಸ್ ಎಂದು ಮೊದಲೇ ಸ್ಪಷ್ಟವಾಗಿ ತಿಳಿಸಬೇಕು. ನಮ್ಮಲ್ಲೂ ಆನ್‌ಲೈನ್ ಗೇಮ್ ಬಗ್ಗೆ 2025ರಲ್ಲಿ ಸಂಸತ್ತು ಕಾನೂನು ಮಾಡಿತು, ದುಡ್ಡು ಕಟ್ಟಿ ಆಡುವ ಜೂಜನ್ನು ನಿಲ್ಲಿಸಿತು. ಒಳ್ಳೆಯದೇ. ಹಾಗೇ ಈ ಲೈಸೆನ್ಸ್ ವಿಷಯಕ್ಕೂ ಒಂದು ನಿಯಮ ತರಲಿ, ನಿಮ್ಮ ಪತ್ರಿಕೆ ಅದನ್ನು ಕೇಳಲಿ.

ಹೋದ ವಾರ ಆಲೂರು ಕಡೆಯ ಶುಂಠಿ ಬೆಳೆಗಾರರೊಬ್ಬರು ನಿಮ್ಮ ಲೇಖನವನ್ನೇ ಕತ್ತರಿಸಿ ತಂದಿದ್ದರು. ಡಿಸ್ಕ್ ಇಲ್ಲದ್ದಕ್ಕೆ ಪೆನ್ನಿನಲ್ಲಿ ಗುರುತು ಹಾಕಿದ್ದರು. ಮಗ ಪಿಯುಸಿ. ಅವರ ಜೊತೆ ಕೂತು ಮೇಲಿನ ಲೆಕ್ಕವನ್ನೆಲ್ಲ ಹಾಕಿ ತೋರಿಸಿದೆ. ಕೊನೆಗೆ ಹಳೇ ಪಿಎಸ್4 ಒಂದು, ನಾಲ್ಕು ಡಿಸ್ಕ್ ತೆಗೆದುಕೊಂಡು ಹೋದರು. ಹೊಸದೇ ಬೇಕು ಅನ್ನುವವರಿಗೆ ದೀಪಾವಳಿ ಸೇಲ್‌ವರೆಗೆ ಕಾಯಿರಿ, ಡಿಸ್ಕ್ ಮಾಡೆಲ್‌ಗೇ ಕೆಲವು ವರ್ಷ ಐದು ಸಾವಿರದ ಮೇಲೆ ಇಳಿಸಿದ್ದಾರೆ ಎನ್ನುತ್ತೇನೆ. ಹಾಸನಾಂಬ ದರ್ಶನವೂ ಅದೇ ಹೊತ್ತಿಗೆ ಬರುವುದರಿಂದ ಬಿ.ಎಂ. ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ಅದೊಂದು ತೊಂದರೆ.

ಮುಂದಿನ ಸಲ ಇಂಥ ಪಟ್ಟಿ ಹಾಕುವಾಗ ಕನ್ಸೋಲ್ ಬೆಲೆಯ ಪಕ್ಕದಲ್ಲೇ ಮೂರು ವರ್ಷದ ಗೇಮ್ ಖರ್ಚು, ನೆಟ್ ಖರ್ಚು, ಕೊನೆಗೆ ಮಾರಿದರೆ ವಾಪಸ್ ಬರುವ ದುಡ್ಡು ಇವನ್ನೂ ಸೇರಿಸಿ. ಹಳೇ ಡಿಸ್ಕ್ ಕೊಂಡ ರೇಟು, ಮಾರಿದ ರೇಟು ಎಲ್ಲ ನನ್ನ ಅಂಗಡಿಯ ನೋಟ್‌ಬುಕ್‌ನಲ್ಲಿವೆ. ನಿಮ್ಮ ವರದಿಗಾರರು ಬಂದರೆ ತೋರಿಸುತ್ತೇನೆ. ಭಾನುವಾರ ಮಧ್ಯಾಹ್ನದ ಮೇಲೆ ಮಾತ್ರ ಬೇಡ, ಅವತ್ತು ಮಾತಾಡಲು ಪುರುಸೊತ್ತು ಇರುವುದಿಲ್ಲ.

ಇಂತಿ,
ಗೇಮ್ ಅಂಗಡಿಯವನು, ಹಾಸನ