ಶನಿವಾರ ಗಯಾಕ್‌ಗೆ: ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ.

ಬರುವ ಶನಿವಾರ ಟುಲೂಸ್‌ನಿಂದ ಫ್ರಾನ್ಸಿನ ಹಳೆಯ ವೈನ್ ಊರು ಗಯಾಕ್‌ಗೆ ವೈನ್ ರುಚಿ ನೋಡಲು ಹೋಗುವುದು ನಿಶ್ಚಯವಾಗಿದೆ. ಬೆಳಿಗ್ಗೆ 9ಕ್ಕೆ ಮತಬಿಯೋ ನಿಲ್ದಾಣದಲ್ಲಿ ಸೇರೋಣ. ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಕಾರು ಬೇಡ, ಕಾರಣ ಹೇಳಬೇಕಾಗಿಲ್ಲ.

ವೈನ್‌ಗೆ ಹೆಸರಾದ ಬೋರ್ಡೋ ಇರುವಾಗ ಗಯಾಕ್ ಯಾಕೆ ಎನ್ನುವವರಿಗೆ ಒಂದು ಮಾತು. ಮಧ್ಯಯುಗದಲ್ಲಿ ಇಲ್ಲಿನ ಪೀಪಾಯಿಗಳು ತಾರ್ನ್ ನದಿಯ ದಾರಿಯಲ್ಲಿ ಬೋರ್ಡೋ ಬಂದರಿಗೆ ಇಳಿಯುತ್ತಿದ್ದವು. ಅಲ್ಲಿಯವರು ತಮ್ಮ ಸರಕು ಮೊದಲು ಖರ್ಚಾಗಲೆಂದು ಇವನ್ನು ತಡೆದಿಡುತ್ತಿದ್ದರು. ಗಯಾಕ್‌ನ ಹೆಸರು ಮಂಕಾದದ್ದಕ್ಕೆ ಅದೂ ಒಂದು ಕಾರಣ. ನಮಗೇನು, ಹತ್ತು ಯೂರೋ ಆಸುಪಾಸಿನಲ್ಲಿ ಒಳ್ಳೆಯ ಬಾಟಲಿ ಸಿಗುತ್ತದೆ!

‘ಲೆನ್ ದ ಲೆಲ್’ ಎಂಬ ಬಿಳಿ ದ್ರಾಕ್ಷಿಯ ವೈನನ್ನು ಮರೆಯದೆ ಕೇಳಿ. ಹೆಸರಿನ ಅರ್ಥ ‘ಕಣ್ಣಿನಿಂದ ದೂರ’. ಕಬ್ಬಿನಲ್ಲಿ ಕಣ್ಣು ಎನ್ನುತ್ತೇವಲ್ಲ, ಆ ಕಣ್ಣು; ತೊಟ್ಟು ಉದ್ದವಾದ್ದರಿಂದ ಗೊಂಚಲು ಅದರಿಂದ ದೂರ ಜೋಲುತ್ತದೆ.

ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಟಿಕೆಟ್ ಅವರವರದು. ಚಿತ್ರಾನ್ನ ನಾನು ತರುತ್ತೇನೆ, ಕೋಡುಬಳೆಯನ್ನು ಯಾರಾದರೂ ಒಪ್ಪಿಕೊಳ್ಳಿ. ಕುಡಿಯದವರೂ ಬನ್ನಿ, ನದಿದಂಡೆಯ ಸೇಂಟ್ ಮಿಶೆಲ್ ಮಠ ನೋಡುವಂತಿದೆ.